ಐಪಿಎಸ್ ಕೋಶದಿಂದ ಹೃದಯ ಸ್ನಾಯುಕೋಶ: ಚಿರ್ ಹಾಕಿದ ಮೇಲೆ ಅರ್ಧ ಕೋಶ ಕಿತ್ತುಬರುತ್ತಿವೆ, ಉಳಿದವು ಮಿಡಿಯುತ್ತಿಲ್ಲ

ಹೊಸತಟ್ಟೆ

ಎಲ್ಲರಿಗೂ ನಮಸ್ಕಾರ. ಮಾನವ ಐಪಿಎಸ್ ಕೋಶಗಳನ್ನು (ಸಾಮಾನ್ಯ ದೇಹಕೋಶದಿಂದ ಮಾಡಿದ, ಯಾವ ಬಗೆಯ ಕೋಶವೂ ಆಗಬಲ್ಲ ಕಾಂಡಕೋಶ) ಹೃದಯ ಸ್ನಾಯುಕೋಶವಾಗಿಸುವ ಕೆಲಸ ಒಂದು ಹಂತದಲ್ಲಿ ನಿಂತಿದೆ. ವಿಧಾನ ಹೀಗಿದೆ.

12 ವೆಲ್ (ಗುಳಿ) ಪ್ಲೇಟ್, ಕೋಶ ಅಂಟಲು ಮ್ಯಾಟ್ರಿಜೆಲ್ ಲೇಪನ, ಐಪಿಎಸ್ ಕೋಶ ಬೆಳೆಸುವ ಎಂಟೀಸರ್ ಮೀಡಿಯಾ (ಪೋಷಕ ದ್ರವ). ಅಕ್ಯುಟೇಸ್ ಕಿಣ್ವ ಹಾಕಿ ಬಿಡಿ ಕೋಶಗಳಾಗಿ ಬಿತ್ತಿ, ಎರಡು ದಿನ ಬೆಳೆಸಿ, ತಳ ಶೇ. 60–70 ತುಂಬಿದಾಗ ಆರ್‌ಪಿಎಂಐ 1640 ಮೀಡಿಯಾ, ಇನ್ಸುಲಿನ್ ಇಲ್ಲದ ಬಿ27 ಪೂರಕ, ಚಿರ್ 99021 (ಕೋಶದ ಬದಲಾವಣೆ ಶುರುಮಾಡುವ ಮದ್ದು) 12 ಮೈಕ್ರೋಮೋಲಾರ್. ಇದನ್ನು 48 ಗಂಟೆ ಬಿಡುತ್ತೇವೆ. 3ನೇ ದಿನ ಐಡಬ್ಲ್ಯುಪಿ2 (ವಿಂಟ್ ಎಂಬ ಕೋಶಸಂಕೇತ ತಡೆಯುವ ಮದ್ದು) 5 ಮೈಕ್ರೋಮೋಲಾರ್, 5ನೇ ದಿನ ಅದನ್ನು ತೆಗೆಯುವುದು, 7ನೇ ದಿನದಿಂದ ಇನ್ಸುಲಿನ್ ಇರುವ ಬಿ27.

2ನೇ ದಿನಕ್ಕೆ ಅರ್ಧಕ್ಕಿಂತ ಹೆಚ್ಚು ಕೋಶಗಳು ತೇಲುತ್ತವೆ. ಉಳಿದವು ಚಪ್ಪಟೆಯಾಗಿ ಹರಡಿಕೊಳ್ಳುತ್ತವೆ, 12ನೇ ದಿನವಾದರೂ ಮಿಡಿತವಿಲ್ಲ. ಇದೇ ವಿಧಾನದಲ್ಲಿ ಇನ್ನೊಂದು ಲೈನ್ (ಬೇರೆ ಮೂಲದ ಐಪಿಎಸ್ ಕೋಶವಂಶ) ಅಲ್ಲಲ್ಲಿ ಮಿಡಿಯುತ್ತದೆ. ಎಲ್ಲಿಂದ ಸರಿಪಡಿಸುತ್ತಾ ಬರಬೇಕು?

ಕೋಶಕೃಷಿಕ

ನಿಮ್ಮ ವೇಳಾಪಟ್ಟಿಯಲ್ಲಿ ಎರಡು ವಿಧಾನಗಳು ಬೆರೆತುಹೋಗಿವೆ. 12 ಮೈಕ್ರೋಮೋಲಾರ್ ಚಿರ್ ಬಂದಿರುವುದು 2012–13ರಲ್ಲಿ ಲಿಯಾನ್, ಪಾಲೆಚೆಕ್, ಕ್ಯಾಂಪ್ ಗುಂಪು ಪ್ರಕಟಿಸಿದ ವಿಧಾನದಿಂದ. ಅಲ್ಲಿ ಆ ಪ್ರಮಾಣ ಇರುವುದು 24 ಗಂಟೆ ಮಾತ್ರ. 48 ಗಂಟೆ ಬಿಡುವುದು 2014ರಲ್ಲಿ ಬರ್ರಿಡ್ಜ್ ಮತ್ತು ಸಂಗಡಿಗರು ಕೊಟ್ಟ ಸಿಡಿಎಂ3 ವಿಧಾನದಲ್ಲಿ. ಅಲ್ಲಿ ಚಿರ್ 6 ಮೈಕ್ರೋಮೋಲಾರ್, ಬಿ27 ಇರುವುದೇ ಇಲ್ಲ, ಬದಲಿಗೆ ಆರ್‌ಪಿಎಂಐಗೆ ಮಿ.ಲೀ.ಗೆ 500 ಮೈಕ್ರೋಗ್ರಾಂ ರೀಕಾಂಬಿನೆಂಟ್ ಆಲ್ಬುಮಿನ್ ಮತ್ತು 213 ಮೈಕ್ರೋಗ್ರಾಂ ಆಸ್ಕಾರ್ಬಿಕ್ ಆಸಿಡ್ 2-ಫಾಸ್ಫೇಟ್. 2ನೇ ದಿನದಿಂದ 4ನೇ ದಿನದವರೆಗೆ ವಿಂಟ್-ಸಿ59 (ಇದೂ ವಿಂಟ್ ತಡೆಯುವ ಮದ್ದೇ) 2 ಮೈಕ್ರೋಮೋಲಾರ್. ಒಂದರ ಪ್ರಮಾಣ, ಇನ್ನೊಂದರ ಅವಧಿ ಸೇರಿಸಿದರೆ ಕೋಶಗಳಿಗೆ ಬೀಳುವ ಹೊರೆ ಎರಡಕ್ಕಿಂತಲೂ ಹೆಚ್ಚು.

ಇದು ಯಾಕೆ ಇಷ್ಟು ನಾಜೂಕು ಎಂದರೆ, ವಿಂಟ್ ಸಂಕೇತ ಮೊದಲು ಏರಬೇಕು, ಆಮೇಲೆ ಇಳಿಯಬೇಕು. ಚಿರ್ ಜಿಎಸ್‌ಕೆ3 ಕಿಣ್ವವನ್ನು ತಡೆಯುತ್ತದೆ, ಬೀಟಾ-ಕ್ಯಾಟೆನಿನ್ ಕೋಶದಲ್ಲಿ ಶೇಖರವಾಗಿ ನ್ಯೂಕ್ಲಿಯಸ್‌ಗೆ ಹೋಗುತ್ತದೆ, ಕೋಶ ಮೀಸೋಡರ್ಮ್ (ಹೃದಯ ಹುಟ್ಟುವ ಭ್ರೂಣದ ನಡುಪದರ) ಕಡೆ ಹೊರಳುತ್ತದೆ. ಅದೇ ಸಂಕೇತ ಮೂರ್ನಾಲ್ಕನೇ ದಿನವೂ ಏರಿಯೇ ಇದ್ದರೆ ಹೃದಯದ ದಾರಿ ಮುಚ್ಚುತ್ತದೆ. ಆಗ ರಕ್ತನಾಳದ ಒಳಪದರದ ಕೋಶ, ನಾರುಕೋಶ, ಇನ್ನೇನೇನೋ ಬರುತ್ತವೆ. ನಿಮ್ಮ ಪ್ಲೇಟ್‌ನ ಚಪ್ಪಟೆ ಕೋಶಗಳು ಬಹುಶಃ ಅವೇ.

ಇನ್ನೊಂದು ವಿಷಯ ಗಮನಿಸಿ. ಐಡಬ್ಲ್ಯುಪಿ2 ತಡೆಯುವುದು ಪೋರ್ಕ್ಯುಪೈನ್ ಎಂಬ ಕಿಣ್ವವನ್ನು, ಅಂದರೆ ಕೋಶ ತಾನೇ ತಯಾರಿಸಿದ ವಿಂಟ್ ಹೊರಗೆ ಹೋಗದಂತೆ ಮಾಡುತ್ತದೆ. ಚಿರ್ ಕೆಲಸ ಮಾಡುವುದು ಅದಕ್ಕಿಂತ ತುಂಬ ಕೆಳಗಿನ ಹಂತದಲ್ಲಿ. ಹಾಗಾಗಿ ವೆಲ್‌ನಲ್ಲಿ ಚಿರ್ ಉಳಿದಿದ್ದರೆ ಎಷ್ಟೇ ಐಡಬ್ಲ್ಯುಪಿ2 ಹಾಕಿದರೂ ಅದನ್ನು ತಡೆಯಲಾಗದು. ಚಿರ್ ತೆಗೆಯುವಾಗ ಮೀಡಿಯಾ ಪೂರ್ತಿ ಹೀರಿ, ಬರೀ ಆರ್‌ಪಿಎಂಐಯಿಂದ ಒಮ್ಮೆ ತೊಳೆಯಿರಿ. ಹಳೆಯದರ ಮೇಲೆ ಹೊಸದನ್ನು ಸುರಿಯುವ ಅಭ್ಯಾಸವಿದ್ದರೆ ಅದನ್ನು ಮೊದಲು ಬಿಡಿ.

ಇನ್ನು ಶೇ. 60–70. ಇದು ಕಡಿಮೆಯಾಯಿತು. 12 ಮೈಕ್ರೋಮೋಲಾರ್‌ಗೆ ಒಡ್ಡಬೇಕಾದರೆ ತಳ ಶೇ. 90ಕ್ಕಿಂತ ಹೆಚ್ಚು ತುಂಬಿ, ಕೋಶಗಳು ಒತ್ತೊತ್ತಾಗಿ, ಅಂಚುಗಳು ಫೇಸ್ ಕಾಂಟ್ರಾಸ್ಟ್‌ನಲ್ಲಿ ಹೊಳೆಯುವಂತಿರಬೇಕು. ಸಾಂದ್ರತೆ ಮತ್ತು ಚಿರ್ ಪ್ರಮಾಣ ಒಂದೇ ಬಂಡಿಯ ಎರಡು ಗಾಲಿ. ಒಂದನ್ನು ಬಿಟ್ಟು ಇನ್ನೊಂದನ್ನು ಹೊಂದಿಸಲು ಬರುವುದಿಲ್ಲ. ಕೋಶ ವಿರಳವಿದ್ದಷ್ಟೂ ಅದೇ ಪ್ರಮಾಣ ವಿಷವಾಗುತ್ತದೆ, ದಟ್ಟವಿದ್ದಷ್ಟೂ ಅದೇ ಪ್ರಮಾಣ ಸಾಲದೆ ಬರುತ್ತದೆ.

ಮಾಡಬೇಕಾದ್ದು: ಒಂದೇ 12 ವೆಲ್ ಪ್ಲೇಟ್‌ನಲ್ಲಿ ಮೂರು ಸಾಲು, ಮೂರು ಸಾಂದ್ರತೆ. ಚದರ ಸೆಂ.ಮೀ.ಗೆ 1 ಲಕ್ಷ, 1.5 ಲಕ್ಷ, 2 ಲಕ್ಷ. ವೆಲ್‌ನ ತಳ ಸುಮಾರು 3.8 ಚದರ ಸೆಂ.ಮೀ. ಇರುವುದರಿಂದ ವೆಲ್ ಒಂದಕ್ಕೆ 3.8, 5.7, 7.6 ಲಕ್ಷ ಕೋಶ. ನಾಲ್ಕು ಕಂಬ, ನಾಲ್ಕು ಪ್ರಮಾಣ: 6, 8, 10, 12 ಮೈಕ್ರೋಮೋಲಾರ್. ಬಿತ್ತಿದ 48 ಗಂಟೆಗೆ ಚಿರ್, ಅದು 24 ಗಂಟೆ. ಪ್ರತಿ ಲೈನ್‌ಗೂ ಇದನ್ನು ಪ್ರತ್ಯೇಕವಾಗಿ ಮಾಡಲೇಬೇಕು. ಬೇರೆ ಲ್ಯಾಬಿನ ಒಳ್ಳೆಯ ಸಂಖ್ಯೆ ಅವರ ಲೈನ್‌ಗೆ, ಅವರ ಮೀಡಿಯಾಕ್ಕೆ, ಅವರು ಕೋಶ ಎಣಿಸುವ ರೀತಿಗೆ ಸೇರಿದ್ದು.

ಮೀಡಿಯಾಬಾಟಲಿ

ಕೋಶಕೃಷಿಕ ಹೇಳಿದ ಪ್ಲೇಟ್ ಮಾಡುವ ಮೊದಲು ಸ್ಟಾಕ್‌ಗಳನ್ನು (ಮದ್ದಿನ ಗಾಢ ದ್ರಾವಣಗಳನ್ನು) ನೋಡಿಕೊಳ್ಳಿ. ಸ್ಟಾಕ್ ತಪ್ಪಿದರೆ ನಾಲ್ಕೂ ಕಂಬ ಸುಳ್ಳು.

ಚಿರ್ 99021ರ ಅಣುತೂಕ 465.3. 1 ಮಿ.ಗ್ರಾಂ ಪುಡಿಗೆ 215 ಮೈಕ್ರೋಲೀಟರ್ ಡಿಎಂಎಸ್‌ಒ (ಮದ್ದು ಕರಗಿಸುವ ದ್ರವ) ಹಾಕಿದರೆ 10 ಮಿಲಿಮೋಲಾರ್. ಇದರಲ್ಲಿ 1.2 ಮೈಕ್ರೋಲೀಟರ್ 1 ಮಿ.ಲೀ. ಮೀಡಿಯಾಕ್ಕೆ ಬಿದ್ದರೆ 12 ಮೈಕ್ರೋಮೋಲಾರ್. ಹೈಡ್ರೋಕ್ಲೋರೈಡ್ ಲವಣ ಕೊಂಡಿದ್ದರೆ ಅಣುತೂಕ ಬೇರೆ, ಬಾಟಲಿಯ ಚೀಟಿ ನೋಡಿ ಲೆಕ್ಕ ಹಾಕಿ. 1.2 ಮೈಕ್ರೋಲೀಟರನ್ನು ಪ್ರತಿ ವೆಲ್‌ಗೂ ಪಿಪೆಟ್ ಮಾಡಬೇಡಿ, ದೋಷ ದೊಡ್ಡದಾಗುತ್ತದೆ. ಎಲ್ಲ ವೆಲ್‌ಗೂ ಸೇರಿಸಿ ಒಂದೇ ಟ್ಯೂಬಿನಲ್ಲಿ ಕಲಸಿ. 20 ಮೈಕ್ರೋಲೀಟರ್ ಪಾಲುಗಳಾಗಿ ಮೈನಸ್ 20 ಡಿಗ್ರಿಯಲ್ಲಿಡಿ, ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.

ಐಡಬ್ಲ್ಯುಪಿ2 ತೊಂದರೆ ಕೊಡುವುದೇ ಕರಗುವಿಕೆಯಲ್ಲಿ. ಡಿಎಂಎಸ್‌ಒದಲ್ಲಿ 5 ಮಿಲಿಮೋಲಾರ್ ಸ್ಟಾಕ್ ಮಾಡಿ, ಬಳಸುವ ಮುಂಚೆ 37 ಡಿಗ್ರಿಯಲ್ಲಿ ಐದಾರು ನಿಮಿಷ ಬೆಚ್ಚಗಿಟ್ಟು ಬೆಳಕಿಗೆ ಹಿಡಿದು ನೋಡಿ. ಕಣ ಕಂಡರೆ ಇನ್ನಷ್ಟು ಬಿಸಿ ಮಾಡಿ. ಮೀಡಿಯಾವೂ ಬೆಚ್ಚಗಿರಲಿ. ತಣ್ಣನೆ ಮೀಡಿಯಾಕ್ಕೆ ಹಾಕಿದರೆ ತಳದಲ್ಲಿ ಸೂಜಿಯಂಥ ಹರಳುಗಳು ಕಾಣುತ್ತವೆ. ಅವು ಕಂಡವೆಂದರೆ ನೀವು 5 ಮೈಕ್ರೋಮೋಲಾರ್ ಕೊಟ್ಟಿಲ್ಲ. ಇದರಿಂದ ಬೇಸತ್ತವರು ವಿಂಟ್-ಸಿ59ಕ್ಕೆ ಹೋಗುತ್ತಾರೆ, 2 ಮೈಕ್ರೋಮೋಲಾರ್ ಸಾಕಾಗುತ್ತದೆ. ಅದರ 1 ಮಿ.ಗ್ರಾಂಗೆ 263 ಮೈಕ್ರೋಲೀಟರ್ ಡಿಎಂಎಸ್‌ಒ ಹಾಕಿದರೆ 10 ಮಿಲಿಮೋಲಾರ್.

ಬಿ27 ಎರಡು ಬಗೆ, ಬಾಟಲಿ ಒಂದೇ ತರಹ ಕಾಣುತ್ತದೆ. ಇನ್ಸುಲಿನ್ ಇರುವುದು 0ನೇ ದಿನಕ್ಕೆ ಬಿದ್ದರೆ ಹೃದಯ ಮೀಸೋಡರ್ಮ್ ಕುಗ್ಗುತ್ತದೆ. ಹಾಗೆಯೇ ಎಂಟೀಸರ್‌ನಲ್ಲೂ ಇ8ನಲ್ಲೂ (ಇನ್ನೊಂದು ಐಪಿಎಸ್ ಮೀಡಿಯಾ) ಇನ್ಸುಲಿನ್ ಹೇರಳವಾಗಿದೆ. ಚಿರ್ ಹಾಕುವ ಮುಂಚೆ ಆರ್‌ಪಿಎಂಐಯಿಂದ ತೊಳೆಯದೆ ಹೋದರೆ ಅದರಲ್ಲಿ ಸ್ವಲ್ಪ ಹಾಗೇ ಉಳಿಯುತ್ತದೆ. ಬಿ27ನಲ್ಲಿರುವ ಆಲ್ಬುಮಿನ್ ಒಂದಿಷ್ಟು ಚಿರ್ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಬಿ27 ಲಾಟ್ ಬದಲಾದಾಗ ಕನಿಷ್ಠ ಒಂದು ಸಾಲಾದರೂ ಮತ್ತೆ ಪರೀಕ್ಷಿಸಿ.

ಮ್ಯಾಟ್ರಿಜೆಲ್ ಬಗ್ಗೆ: 4 ಡಿಗ್ರಿಯಲ್ಲಿ ರಾತ್ರಿಯಿಡೀ ಕರಗಿಸಿ, ಪಿಪೆಟ್ ತುದಿ, ಟ್ಯೂಬ್, ಡಿಎಂಇಎಂ/ಎಫ್12 ಎಲ್ಲವೂ ತಣ್ಣಗಿರಲಿ. ಬೆಚ್ಚನೆಯ ತುದಿಗೆ ಸೋಕಿದರೆ ಅಲ್ಲೇ ಹೆಪ್ಪಾಗಿ ಲೇಪನ ಚೂರುಚೂರಾಗಿ ಬೀಳುತ್ತದೆ. ಹೀಗೆ ಬಿದ್ದ ಪ್ಲೇಟ್‌ನಲ್ಲಿ ಐಪಿಎಸ್ ಕೋಶಗಳು ಚೆನ್ನಾಗಿಯೇ ಅಂಟುತ್ತವೆ, ತೊಂದರೆ ಕಾಣಿಸುವುದು 8ನೇ ದಿನ, ಮಿಡಿತ ಶುರುವಾಗಿ ಹಾಳೆ ಕಿತ್ತುಬಂದಾಗ.

ಹೊಸತಟ್ಟೆ

ಧನ್ಯವಾದ, ಎರಡೂ ಉತ್ತರ ಬಹಳ ಉಪಯೋಗವಾಯಿತು. ಎರಡು ಪ್ರಶ್ನೆ. 24 ಗಂಟೆಯ ವಿಧಾನದಲ್ಲೂ ಕೋಶ ಸಾಯುತ್ತವೆ ಎಂದು ಓದಿದ್ದೇನೆ. ಎಷ್ಟು ಸತ್ತರೆ ಸರಿ, ಎಷ್ಟು ಸತ್ತರೆ ಕೈಬಿಡಬೇಕು? ಮತ್ತು 12 ದಿನ ಕಾಯದೆ ಮೊದಲೇ ತಿಳಿಯುವ ದಾರಿ ಇದೆಯೇ?

ಕೋಶಕೃಷಿಕ

ಇದೆ. ದಿನದಿನವೂ ಏನು ಕಾಣಬೇಕು ಎಂದು ಹೇಳುತ್ತೇನೆ.

1ನೇ ದಿನ, ಚಿರ್ ತೆಗೆಯುವಾಗ: ಮೀಡಿಯಾ ಮಬ್ಬಾಗಿರುತ್ತದೆ, ತೇಲುವ ಕಸ ಧಾರಾಳ. ಮೊದಲ ಸಲ ನೋಡುವವರಿಗೆ ಎಲ್ಲ ಮುಗಿಯಿತು ಎನಿಸುತ್ತದೆ. ತೇಲುವುದನ್ನು ಎಣಿಸಬೇಡಿ, ತಳ ನೋಡಿ. ಕಸ ತೊಳೆದ ಮೇಲೆ ತಳದಲ್ಲಿ ಕೋಶಗಳು ಒಂದಕ್ಕೊಂದು ತಾಗಿಕೊಂಡ ಹಾಳೆಯಾಗಿದ್ದರೆ ಮುಂದುವರಿಸಿ. ನಡುನಡುವೆ ಬರಿದಾದ ದೊಡ್ಡ ಜಾಗಗಳಿದ್ದರೆ ಆ ವೆಲ್ ಬಿಟ್ಟುಬಿಡಿ. ಅದೇ ರೀತಿ ಒಂದು ಕೋಶವೂ ಸಾಯದೆ, ಕಾಲೊನಿಗಳು ನಿನ್ನೆಯಂತೆಯೇ ಹೊಳೆಯುತ್ತಾ ಇದ್ದರೂ ಅನುಮಾನ ಪಡಿ, ಚಿರ್ ಸಾಲಲಿಲ್ಲ.

24–36 ಗಂಟೆಗೆ ಒಂದು ಜೊತೆ ವೆಲ್ ಫಿಕ್ಸ್ ಮಾಡಿ (ರಾಸಾಯನಿಕದಿಂದ ಕೋಶ ಸ್ಥಿರಗೊಳಿಸಿ) ಬ್ರಾಕಿಯೂರಿಗೆ (ಮೀಸೋಡರ್ಮ್ ಗುರುತಿನ ಪ್ರೋಟೀನ್) ಬಣ್ಣ ಹಾಕಿ. ಬಹುಪಾಲು ನ್ಯೂಕ್ಲಿಯಸ್ ಹೊಳೆಯಬೇಕು. ಇಲ್ಲಿ ಶೇ. 50 ಬಂದರೆ ಕೊನೆಗೆ ಶೇ. 90 ಹೃದಯಕೋಶ ಬರುವ ಮಾತೇ ಇಲ್ಲ. ಇಷ್ಟೇ ಮಾಡಿದರೂ ನಿಮ್ಮ 12 ವೆಲ್‌ನಲ್ಲಿ ಅರ್ಧವನ್ನು ಎರಡನೇ ದಿನವೇ ತಳ್ಳಿಹಾಕಬಹುದು. ಬ್ರಾಕಿಯೂರಿ ಮಾಯವಾಗಿ 2–3ನೇ ದಿನ ಎಂಇಎಸ್‌ಪಿ1 ಬರುತ್ತದೆ, 5–7ರ ಹೊತ್ತಿಗೆ ಐಎಸ್ಎಲ್1, ಎನ್‌ಕೆಎಕ್ಸ್2-5. ಇವು ಹೃದಯದ ದಾರಿಯ ಮುಂದಿನ ಗುರುತುಗಳು. ಸ್ನಾಯುವಿನ ಪ್ರೋಟೀನ್ ಟ್ರೋಪೋನಿನ್ ಟಿ ಆಮೇಲೆ.

3ನೇ ದಿನ: ಮಧ್ಯೆ ಎರಡು ದಿನ ಮೀಡಿಯಾ ಮುಟ್ಟಬೇಡಿ. ಐಡಬ್ಲ್ಯುಪಿ2 ಹಾಕುವಾಗ ವೆಲ್‌ನ ಹಳೆಯ ಮೀಡಿಯಾ 1 ಮಿ.ಲೀ., ಹೊಸತು 1 ಮಿ.ಲೀ. ಸೇರಿಸಿ, ಆ 2 ಮಿ.ಲೀ.ಗೆ 5 ಮೈಕ್ರೋಮೋಲಾರ್ ಲೆಕ್ಕ ಹಾಕಿ ಕೊಡಿ. ಕೋಶಗಳೇ ಬಿಟ್ಟ ಅಂಶಗಳು ಆ ಹಳೆಯ ಮೀಡಿಯಾದಲ್ಲಿವೆ. (ಚಿರ್ ತೆಗೆಯುವಾಗ ಪೂರ್ತಿ ಹೀರಲು ಹೇಳಿದ್ದೆ, ಇಲ್ಲಿ ಅರ್ಧ ಉಳಿಸಲು ಹೇಳುತ್ತಿದ್ದೇನೆ. ಎರಡೂ ಸರಿ. ಈ ಹಂತದ ಹಳೆಯ ಮೀಡಿಯಾದಲ್ಲಿ ಚಿರ್ ಇರಬಾರದು.)

5ರಿಂದ 7: ಹಾಳೆಯಲ್ಲಿ ದಪ್ಪನೆಯ ಏಣುಗಳು, ಜಾಲರಿಯಂಥ ರಚನೆ. ನೋಡಲು ಚೆನ್ನಾಗಿರುವುದಿಲ್ಲ, ಆದರೂ ಒಳ್ಳೆಯ ಲಕ್ಷಣ. ಏಣೇ ಇಲ್ಲದೆ ಕಲ್ಲುಹಾಸಿನಂತೆ ಸಮತಟ್ಟಾಗಿದ್ದರೆ ಮಿಡಿತ ಬರುವುದು ಕಷ್ಟ.

8ರಿಂದ 10: ಮಿಡಿತ. ಒಂದು ಮೂಲೆಯಲ್ಲಿ ಶುರುವಾಗಿ ಒಂದೆರಡು ದಿನದಲ್ಲಿ ಹಾಳೆ ಪೂರ್ತಿ ಹರಡುತ್ತದೆ. 12ನೇ ದಿನಕ್ಕೂ ಇಲ್ಲವೆಂದರೆ ಇಟ್ಟುಕೊಂಡು ಕಾಯುವುದರಲ್ಲಿ ಅರ್ಥವಿಲ್ಲ.

ಬಿತ್ತುವಾಗಿನ ಒಂದು ಮಾತು ಬಿಟ್ಟುಹೋಗಿತ್ತು. ಪ್ಲೇಟನ್ನು ಗುಂಡಗೆ ತಿರುಗಿಸಬೇಡಿ, ಕೋಶಗಳೆಲ್ಲ ನಡುವಿಗೆ ಸೇರುತ್ತವೆ. ಹಿಂದೆಮುಂದೆ, ಎಡಬಲ ಸರಿಸಿ ಇನ್‌ಕ್ಯುಬೇಟರ್‌ನ ಸಮತಟ್ಟು ಕಪಾಟಿನಲ್ಲಿಡಿ. ನಡುವೆ ಮಾತ್ರ ಮಿಡಿಯುವ, ಅಂಚಿನಲ್ಲಿ ಮಾತ್ರ ಮಿಡಿಯುವ ವೆಲ್‌ಗಳಿಗೆ ಬಹಳ ಸಲ ಇದೇ ಕಾರಣ. ವೆಲ್‌ನ ಒಂದು ಭಾಗದಲ್ಲಿ ಸಾಂದ್ರತೆ ತಾನಾಗಿ ಸರಿಹೊಂದಿರುತ್ತದೆ. ಆ ಭಾಗದ ಸಾಂದ್ರತೆ ಎಷ್ಟಿತ್ತು ಎಂದು ಚಿರ್ ಹಾಕುವ ಮುಂಚಿನ ಚಿತ್ರದಲ್ಲಿ ನೋಡಿದರೆ ಉತ್ತರ ಅಲ್ಲೇ ಇರುತ್ತದೆ. 0ನೇ ದಿನದ ಚಿತ್ರ ತೆಗೆಯದೆ ಚಿರ್ ಹಾಕಬೇಡಿ.

ಫ್ಲೋಗೇಟ್

ಮಿಡಿತ ನೋಡಿ ಶೇಕಡಾ ಹೇಳುವವರಿಗೆ ಒಂದು ವಿನಂತಿ: ಹಾಗೆ ಹೇಳಬೇಡಿ. ಹಾಳೆಯಲ್ಲಿ ಶೇ. 40 ಹೃದಯಕೋಶವಿದ್ದರೂ ಅವು ಪಕ್ಕದ ನಾರುಕೋಶಗಳನ್ನು ಎಳೆದಾಡಿ ಇಡೀ ವೆಲ್ ಮಿಡಿದಂತೆ ಕಾಣಿಸುತ್ತದೆ. 14ನೇ ದಿನದ ಆಸುಪಾಸಿನಲ್ಲಿ ಟ್ರೋಪೋನಿನ್ ಟಿ ಫ್ಲೋ ಸೈಟೋಮೆಟ್ರಿ (ಬಣ್ಣ ಹಾಕಿದ ಕೋಶಗಳನ್ನು ಒಂದೊಂದಾಗಿ ಲೇಸರ್‌ನಿಂದ ಎಣಿಸುವುದು) ಮಾಡಿ, ಆ ಸಂಖ್ಯೆ ಬರೆಯಿರಿ.

ಟ್ರಿಪ್‌ಎಲ್‌ಇ ಕಿಣ್ವದಲ್ಲಿ 37 ಡಿಗ್ರಿ, 5–10 ನಿಮಿಷ ಬಿಡಿಸಿ, 40 ಮೈಕ್ರಾನ್ ಜರಡಿಯಲ್ಲಿ ಸೋಸಿ. ಫಿಕ್ಸ್ ಮಾಡುವ ಮುಂಚೆ ಫಿಕ್ಸಬಲ್ ವಯಬಿಲಿಟಿ ಡೈ ಹಾಕಲೇಬೇಕು, ಸತ್ತ ಕೋಶ ಯಾವ ಆಂಟಿಬಾಡಿಯನ್ನಾದರೂ ಅಂಟಿಸಿಕೊಳ್ಳುತ್ತದೆ. ಶೇ. 4 ಪ್ಯಾರಾಫಾರ್ಮಾಲ್ಡಿಹೈಡ್ 15 ನಿಮಿಷ, ನಂತರ ಶೇ. 0.5 ಸಪೋನಿನ್ ಇರುವ ಬಫರ್. ಸಪೋನಿನ್ ತೆರೆದ ರಂಧ್ರ ತೊಳೆದರೆ ಮುಚ್ಚಿಕೊಳ್ಳುತ್ತದೆ, ಹಾಗಾಗಿ ಆಂಟಿಬಾಡಿ ಹಂತದಲ್ಲೂ ತೊಳೆಯುವ ಹಂತದಲ್ಲೂ ಬಫರ್‌ನಲ್ಲಿ ಅದು ಇರಬೇಕು. 13-11 ಕ್ಲೋನ್ ಎಲ್ಲರೂ ಬಳಸುವ ಆಂಟಿಬಾಡಿ.

ಗೇಟ್ (ಎಲ್ಲಿಂದ ಮೇಲೆ ಪಾಸಿಟಿವ್ ಎಂಬ ಗಡಿ) ಹಾಕಲು ಐಸೋಟೈಪ್ (ಯಾವುದನ್ನೂ ಗುರುತಿಸದ ಹೋಲಿಕೆ ಆಂಟಿಬಾಡಿ) ಒಂದನ್ನೇ ನಂಬಬೇಡಿ. ಅದೇ ದಿನ ಅದೇ ರೀತಿ ಸಂಸ್ಕರಿಸಿದ ಐಪಿಎಸ್ ಕೋಶ ಇಟ್ಟುಕೊಳ್ಳಿ, ಅದರಲ್ಲಿ ಟ್ರೋಪೋನಿನ್ ಶೂನ್ಯಕ್ಕೆ ಹತ್ತಿರ ಇರಬೇಕು. ಎರಡು ಗುಡ್ಡೆ ಸ್ಪಷ್ಟವಾಗಿ ಬೇರೆಯಾಗದೆ ಒಂದೇ ಗುಡ್ಡೆ ಬಲಕ್ಕೆ ಸರಿದಂತೆ ಕಂಡರೆ ಅದು ಶೇ. 80 ಎನ್ನಬೇಡಿ. ಆಂಟಿಬಾಡಿ ಹೆಚ್ಚಾಗಿದೆ, ಅಥವಾ ರಂಧ್ರ ಸರಿಯಾಗಿ ತೆರೆದಿಲ್ಲ.

ಶುದ್ಧತೆ ಜೊತೆಗೆ ಇಳುವರಿಯನ್ನೂ ಹೇಳಿ, ಬಿತ್ತಿದ ಐಪಿಎಸ್ ಕೋಶ ಒಂದಕ್ಕೆ ಎಷ್ಟು ಟ್ರೋಪೋನಿನ್ ಕೋಶ ಬಂತು ಎಂದು. ಶೇ. 95 ಶುದ್ಧವಾಗಿದ್ದು ವೆಲ್‌ಗೆ ಐವತ್ತು ಸಾವಿರ ಕೋಶ ಬಂದರೆ ಅದನ್ನು ಗೆಲುವು ಎನ್ನಲಾಗದು.

ತೇಲುಗೋಳ

ಇಷ್ಟೆಲ್ಲ ಒದ್ದಾಟಕ್ಕೆ ಮೂಲವೇ ಪ್ಲೇಟ್. ಕಲಕುವ ಫ್ಲಾಸ್ಕ್‌ನಲ್ಲಿ ಗೋಳಗಳಾಗಿ ಬೆಳೆಸಿದರೆ ಲೇಪನವಿಲ್ಲ, ಅಂಚು-ನಡು ಎಂಬ ವ್ಯತ್ಯಾಸವಿಲ್ಲ, ಹಾಳೆ ಕಿತ್ತುಬರುವ ಭಯವಿಲ್ಲ. ಗೋಳದ ವ್ಯಾಸ ಸರಾಸರಿ 100 ಮೈಕ್ರಾನ್ ತಲುಪಿದಾಗ ಚಿರ್ ಹಾಕಿ, ದಿನ ಎಣಿಸಿ ಹಾಕಬೇಡಿ. ಗೋಳ ತೀರಾ ದೊಡ್ಡದಾದರೆ ಒಳಗಿನ ಕೋಶಕ್ಕೆ ಔಷಧಿ, ಆಮ್ಲಜನಕ ಎರಡೂ ಸರಿಯಾಗಿ ತಲುಪುವುದಿಲ್ಲ. ತೀರಾ ಚಿಕ್ಕದಿದ್ದರೆ ಚಿರ್ ಬಿದ್ದೊಡನೆ ಒಡೆದುಹೋಗುತ್ತದೆ. ಕೋಟಿಗಟ್ಟಲೆ ಕೋಶ ಬೇಕೆನ್ನುವವರಿಗೆ ಇದೊಂದೇ ದಾರಿ.

ಕೋಶಕೃಷಿಕ

ದೊಡ್ಡ ಪ್ರಮಾಣಕ್ಕೆ ಒಪ್ಪುತ್ತೇನೆ. ಹೊಸ ಲೈನ್‌ಗೆ ಚಿರ್ ಪ್ರಮಾಣ ಹುಡುಕುವ ಹಂತದಲ್ಲಿ ಒಪ್ಪುವುದಿಲ್ಲ. ಒಂದು ಪ್ಲೇಟ್‌ನಲ್ಲಿ 12 ಸ್ಥಿತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು, ಫ್ಲಾಸ್ಕ್‌ನಲ್ಲಿ ಒಂದೇ ಸ್ಥಿತಿ. ಗೋಳಗಳಲ್ಲಿ ನಡೆಯುವ ಚಿರ್ ಪ್ರಮಾಣವೂ ಪ್ಲೇಟ್‌ನದ್ದಕ್ಕಿಂತ ಬೇರೆ ಇರುತ್ತದೆ, ನೇರ ಒಯ್ಯಲಾಗದು. ಆದರೂ ಲೈನ್ ಚಿರ್‌ಗೆ ಹೇಗೆ ಸ್ಪಂದಿಸುತ್ತದೆ, ನಾಜೂಕೋ ಗಟ್ಟಿಯೋ ಎಂಬುದು ಪ್ಲೇಟ್‌ನಲ್ಲಿ ಬೇಗ ತಿಳಿಯುತ್ತದೆ.

ತೇಲುಗೋಳ

ಅಷ್ಟಕ್ಕೆ ನನ್ನ ತಕರಾರಿಲ್ಲ. ಮೊದಲು ಪ್ಲೇಟ್, ಆಮೇಲೆ ಫ್ಲಾಸ್ಕ್.

ಹೊಸತಟ್ಟೆ

ಹೃದಯಕೋಶವಲ್ಲದವನ್ನು ಕೊಲ್ಲುವ ಲ್ಯಾಕ್ಟೇಟ್ ಶುದ್ಧೀಕರಣ ಮಾಡಬೇಕೇ? ಕೆಲವರು ಕಡ್ಡಾಯ ಎನ್ನುತ್ತಾರೆ.

ಮೀಡಿಯಾಬಾಟಲಿ

ತತ್ವ ಸರಳ. 2013ರಲ್ಲಿ ತೋಹ್ಯಾಮಾ ಮತ್ತು ಸಂಗಡಿಗರು ತೋರಿಸಿದ್ದು ಇದು: ಗ್ಲೂಕೋಸ್ ತೆಗೆದು ಲ್ಯಾಕ್ಟೇಟ್ ಕೊಟ್ಟರೆ ಹೃದಯ ಸ್ನಾಯುಕೋಶ ಅದನ್ನು ಮೈಟೋಕಾಂಡ್ರಿಯಾದಲ್ಲಿ ಉರಿಸಿ ಬದುಕುತ್ತದೆ, ಗ್ಲೈಕಾಲಿಸಿಸ್ ನಂಬಿರುವ ಉಳಿದ ಕೋಶಗಳು ಸಾಯುತ್ತವೆ. ಸೋಡಿಯಂ ಎಲ್-ಲ್ಯಾಕ್ಟೇಟ್ 1.12 ಗ್ರಾಂ, 1 ಮೋಲಾರ್ ಹೆಪೆಸ್‌ನಲ್ಲಿ 10 ಮಿ.ಲೀ.ಗೆ ಮಾಡಿದರೆ 1 ಮೋಲಾರ್ ಸ್ಟಾಕ್. ಗ್ಲೂಕೋಸ್ ಇಲ್ಲದ ಆರ್‌ಪಿಎಂಐಗೆ ಮಿ.ಲೀ.ಗೆ 4 ಮೈಕ್ರೋಲೀಟರ್ ಹಾಕಿದರೆ 4 ಮಿಲಿಮೋಲಾರ್. ಮಿಡಿತ ಗಟ್ಟಿಯಾದ ಮೇಲೆ, 10–12ನೇ ದಿನದ ನಂತರ ಶುರುಮಾಡಿ, ನಾಲ್ಕು ದಿನ, ಮಧ್ಯೆ ಒಮ್ಮೆ ಬದಲಿಸಿ. ಸಾಮಾನ್ಯ ಆರ್‌ಪಿಎಂಐನಲ್ಲಿ ಗ್ಲೂಕೋಸ್ 11 ಮಿಲಿಮೋಲಾರ್ ಇದೆ, ಆದ್ದರಿಂದ ಪಿಬಿಎಸ್‌ನಿಂದ ತೊಳೆಯದೆ ಬದಲಿಸಿದರೆ ಉಳಿದ ಗ್ಲೂಕೋಸ್ ಬೇಡದ ಕೋಶಗಳನ್ನೇ ಇನ್ನೊಂದು ದಿನ ಸಾಕುತ್ತದೆ. ಗ್ಲುಟಮಿನ್ ಕೂಡ ತೆಗೆದರೆ ಉಳಿದ ಐಪಿಎಸ್ ಕೋಶಗಳು ಇನ್ನೂ ಚೆನ್ನಾಗಿ ಸಾಯುತ್ತವೆ.

ಅಯಾನುಮಾರ್ಗ

ಇಲ್ಲಿ ನನ್ನ ಭಿನ್ನಾಭಿಪ್ರಾಯವಿದೆ. ಮೊದಲೇ ಶೇ. 85–90 ಬರುತ್ತಿದ್ದರೆ ಲ್ಯಾಕ್ಟೇಟ್ ಬೇಡ. ಅದು ಹಸಿವಿನ ಒತ್ತಡ, ಬದುಕುಳಿದ ಕೋಶದ ಮೇಲೂ ಪರಿಣಾಮ ಬೀರುತ್ತದೆ. ಅದರಲ್ಲೂ ಚಯಾಪಚಯವನ್ನೇ ಅಳೆಯುವ ಪ್ರಯೋಗಕ್ಕೆ ಕೋಶ ತಯಾರಿಸುತ್ತಿದ್ದರೆ ಫಲಿತಾಂಶವನ್ನು ಅದೇ ಕೆಡಿಸಬಹುದು. ಶುದ್ಧತೆ ಶೇ. 30ಕ್ಕಿಂತ ಕೆಳಗಿದ್ದರೂ ಬೇಡ. ಅಷ್ಟು ಕೋಶ ಒಟ್ಟಿಗೆ ಸತ್ತರೆ ಹಾಳೆಯೇ ಕಿತ್ತುಬರುತ್ತದೆ, ಚಿರ್ ಹಂತ ಸರಿಪಡಿಸುವುದೇ ಮದ್ದು. ನಡುವಿನ ಸ್ಥಿತಿಗೆ ಮಾತ್ರ ಲ್ಯಾಕ್ಟೇಟ್. ಕಾಂತೀಯ ಮಣಿಗಳಿಂದ ಹೃದಯಕೋಶದ ಮೇಲ್ಮೈ ಪ್ರೋಟೀನ್‌ಗಳಾದ ಎಸ್‌ಐಆರ್‌ಪಿಎ ಅಥವಾ ವಿಕ್ಯಾಮ್1 ಹಿಡಿದು ಬೇರ್ಪಡಿಸುವ ದಾರಿಯೂ ಇದೆ, ಕೋಶ ನಷ್ಟ ಹೆಚ್ಚು, ಹಸಿವಿನ ಒತ್ತಡವಿಲ್ಲ.

ಮೀಡಿಯಾಬಾಟಲಿ

ಶೇ. 85–90 ಇದ್ದರೂ ಉಳಿದ ಶೇ. 10ರಲ್ಲಿ ನಾರುಕೋಶಗಳಿದ್ದರೆ ಅವು ವಿಭಜನೆಯಾಗುತ್ತಲೇ ಇರುತ್ತವೆ, ಹೃದಯಕೋಶ ಬಹುತೇಕ ವಿಭಜನೆ ನಿಲ್ಲಿಸಿರುತ್ತದೆ. ಒಂದು ತಿಂಗಳು ಸಾಕುವುದಾದರೆ ಆ ಶೇ. 10 ಹಾಗೇ ಇರುವುದಿಲ್ಲ. ದೀರ್ಘಾವಧಿ ಕೆಲಸಕ್ಕೆ ನಾನು ಲ್ಯಾಕ್ಟೇಟ್ ಪರವೇ.

ಅಯಾನುಮಾರ್ಗ

ಸರಿ, ಅವಧಿಯ ಮೇಲೆ ನಿಂತಿದೆ ಎನ್ನೋಣ. ಶುದ್ಧೀಕರಿಸಿದ ಮೇಲೆ ಒಂದು ವಾರ ಮಾಮೂಲು ಮೀಡಿಯಾದಲ್ಲಿ ಸುಧಾರಿಸಿಕೊಳ್ಳಲು ಬಿಟ್ಟು ಆಮೇಲೆ ಅಳೆಯಿರಿ.

ಅಳತೆಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಸಂಕೋಚನ ದುರ್ಬಲ, ಕ್ಯಾಲ್ಸಿಯಂ ಅಲೆ ಚಿಕ್ಕದು ಎನ್ನುವವರು ಮೊದಲು ಮೀಡಿಯಾ ನೋಡಿ. ಆರ್‌ಪಿಎಂಐನಲ್ಲಿ ಕ್ಯಾಲ್ಸಿಯಂ ಇರುವುದು 0.42 ಮಿಲಿಮೋಲಾರ್. ಟೈರೋಡ್ ದ್ರಾವಣದಲ್ಲಿ, ಡಿಎಂಇಎಂನಲ್ಲಿ 1.8. ಹೃದಯಕೋಶದ ಬಲ ಹೊರಗಿನ ಕ್ಯಾಲ್ಸಿಯಂ ಮೇಲೆ ನೇರ ನಿಂತಿದೆ. ಆರ್‌ಪಿಎಂಐನಲ್ಲಿ ಅಳೆದ ಬಲವನ್ನು ಟೈರೋಡ್‌ನಲ್ಲಿ ಅಳೆದದ್ದರ ಜೊತೆ ಹೋಲಿಸಬೇಡಿ.

ಇನ್ನು 20ನೇ ದಿನದ ಕೋಶ ಯಾವ ಲೆಕ್ಕದಲ್ಲೂ ವಯಸ್ಕ ಕೋಶವಲ್ಲ, ಭ್ರೂಣದ ಕೋಶಕ್ಕೆ ಹತ್ತಿರ. ತಾನಾಗಿ ಮಿಡಿಯುವುದೇ ಅದರ ಸಾಕ್ಷಿ: ವಯಸ್ಕರ ಹೃತ್ಕುಕ್ಷಿಯ ಕೋಶ ತಾನಾಗಿ ಮಿಡಿಯುವುದಿಲ್ಲ, ಸಂಕೇತ ಬಂದಾಗ ಸಂಕುಚಿಸುತ್ತದೆ. ಇಲ್ಲಿ ಐಕೆ1 ಪೊಟ್ಯಾಸಿಯಂ ಪ್ರವಾಹ ತೀರ ಕಡಿಮೆ, ಹಾಗಾಗಿ ವಿಶ್ರಾಂತ ವಿಭವ ಮೈನಸ್ 60 ಮಿಲಿವೋಲ್ಟ್ ಆಸುಪಾಸಿನಲ್ಲಿ ತೂಗಾಡುತ್ತದೆ. ವಯಸ್ಕ ಕೋಶದಲ್ಲಿ ಮೈನಸ್ 85ರ ಹತ್ತಿರ. ಟಿ-ನಳಿಕೆಗಳಿಲ್ಲ (ಸಂಕೇತವನ್ನು ಕೋಶದೊಳಕ್ಕೆ ಒಯ್ಯುವ ಪೊರೆಯ ಮಡಿಕೆ), ಸಾರ್ಕೋಮಿಯರ್ (ಸಂಕೋಚನದ ಘಟಕ) ಗಿಡ್ಡ, ಟ್ರೋಪೋನಿನ್ ಐ ಭ್ರೂಣರೂಪದ್ದು, ಇಂಧನ ಮುಖ್ಯವಾಗಿ ಗ್ಲೂಕೋಸ್.

ಪಕ್ವಗೊಳಿಸಲು ಕೆಲಸ ಮಾಡುವವು: ಗ್ಲೂಕೋಸ್ ಇಳಿಸಿ ಆಲ್ಬುಮಿನ್‌ಗೆ ಕಟ್ಟಿದ ಪಾಲ್ಮಿಟೇಟ್, ಓಲಿಯೇಟ್ ಕೊಡುವುದು, ಟಿ3 ಹಾರ್ಮೋನ್ ಮತ್ತು ಡೆಕ್ಸಾಮೆಥಸೋನ್ ಜೋಡಿ, ಮೂರು ಆಯಾಮದ ಅಂಗಾಂಶ ಮಾಡಿ ಎರಡು ಕಂಬಗಳ ನಡುವೆ ಎಳೆತದಲ್ಲಿಡುವುದು, ವಿದ್ಯುತ್ ಪ್ರಚೋದನೆ. 2018ರಲ್ಲಿ ವುಂಜಾಕ್-ನೊವಾಕೊವಿಕ್ ಅವರ ಗುಂಪು ಮಿಡಿತ ಶುರುವಾದ ಕೂಡಲೇ ಅಂಗಾಂಶ ಕಟ್ಟಿ, ಪ್ರಚೋದನೆಯನ್ನು 2 ಹರ್ಟ್ಸ್‌ನಿಂದ 6 ಹರ್ಟ್ಸ್‌ಗೆ ದಿನದಿನ ಸ್ವಲ್ಪಸ್ವಲ್ಪ ಏರಿಸಿತು, ಟಿ-ನಳಿಕೆಗಳೂ ಕಂಡವು. ಅದರಲ್ಲಿ ಬೇಗ ಶುರುಮಾಡಿದ್ದೇ ಮುಖ್ಯ. ಒಂದು ತಿಂಗಳಾದ ಕೋಶಕ್ಕೆ ಅದೇ ಪ್ರಚೋದನೆ ಅಷ್ಟು ಫಲ ಕೊಡುವುದಿಲ್ಲ. ಪಾಲ್ಮಿಟೇಟ್ ಒಂದನ್ನೇ ಹೆಚ್ಚು ಕೊಟ್ಟರೆ ಕೋಶಕ್ಕೆ ವಿಷ, ಓಲಿಯೇಟ್ ಜೊತೆಗಿರಲಿ.

ಇದೇ ವಿಧಾನದಲ್ಲಿ ಬರುವುದು ಬಹುಪಾಲು ಹೃತ್ಕುಕ್ಷಿ ಬಗೆಯ ಕೋಶ. ಹೃತ್ಕರ್ಣದ ಕೋಶ ಬೇಕಿದ್ದರೆ 3ನೇ ದಿನದಿಂದ 6ರವರೆಗೆ ರೆಟಿನಾಯಿಕ್ ಆಸಿಡ್ 0.5–1 ಮೈಕ್ರೋಮೋಲಾರ್ ಸೇರಿಸಿ. ಬೆಳಕಿಗೆ ಅದು ಹಾಳಾಗುತ್ತದೆ, ಟ್ಯೂಬಿಗೆ ಫಾಯಿಲ್ ಸುತ್ತಿ. ಹೃತ್ಕುಕ್ಷಿಯ ಗುರುತು ಎಂಎಲ್‌ಸಿ2ವಿ ಇಳಿದು ಹೃತ್ಕರ್ಣದ ಗುರುತುಗಳಾದ ಎನ್‌ಆರ್2ಎಫ್2, ಕೆಸಿಎನ್‌ಎ5 ಏರಿದರೆ ಸರಿದಾರಿ.

ಇಪ್ಪತ್ತನೇಜೋಡಿ

ಮೂಲ ಪ್ರಶ್ನೆಯಲ್ಲಿ ಒಂದು ಮಾತಿಗೆ ಯಾರೂ ಉತ್ತರಿಸಿಲ್ಲ: ಒಂದೇ ವಿಧಾನದಲ್ಲಿ ಒಂದು ಲೈನ್ ಸಾಯುತ್ತದೆ, ಇನ್ನೊಂದು ತಾಳಿಕೊಳ್ಳುತ್ತದೆ. 12 ಮೈಕ್ರೋಮೋಲಾರ್ ಚಿರ್ 48 ಗಂಟೆ ತಾಳಿಕೊಂಡ ಲೈನ್ ನನಗೆ ಹೆಚ್ಚು ಅನುಮಾನಾಸ್ಪದ. ಅದರ ಕ್ಯಾರಿಯೋಟೈಪ್ (ಕ್ರೋಮೋಸೋಮ್ ಪರೀಕ್ಷೆ) ಮಾಡಿಸಿ. ಐಪಿಎಸ್ ಕೋಶಗಳಲ್ಲಿ ಪದೇಪದೇ ಕಾಣುವುದು 20ನೇ ಕ್ರೋಮೋಸೋಮ್‌ನ ಕ್ಯೂ11.21 ಭಾಗ ಇಮ್ಮಡಿಯಾಗುವುದು. ಕೋಶ ಸಾಯದಂತೆ ತಡೆಯುವ ಬಿಸಿಎಲ್2ಎಲ್1 ಜೀನ್ ಅಲ್ಲಿದೆ. ಅಂಥ ಕೋಶ ಬಿಡಿಬಿಡಿಯಾಗಿಸಿದರೂ ಸಾಯದೆ ಉಳಿದವನ್ನು ಹಿಂದಿಕ್ಕುತ್ತದೆ. ಈ ತುಣುಕು ಚಿಕ್ಕದು, ಜಿ-ಬ್ಯಾಂಡಿಂಗ್‌ನಲ್ಲಿ (ಬಣ್ಣದ ಪಟ್ಟಿ ನೋಡುವ ಮಾಮೂಲು ಪರೀಕ್ಷೆ) ಕಾಣದೇ ಹೋಗುತ್ತದೆ, ಆ ತುಣುಕನ್ನೇ ಹುಡುಕುವ ಕ್ಯೂಪಿಸಿಆರ್ ಅಥವಾ ಫಿಶ್ ಬೇಕು. 1, 8, 12, 17, ಎಕ್ಸ್ ಕ್ರೋಮೋಸೋಮ್‌ಗಳನ್ನೂ ನೋಡಿ.

ಪ್ರತಿ ಸಲವೂ ಅಕ್ಯುಟೇಸ್‌ನಿಂದ ಬಿಡಿಸಿ ಪ್ಯಾಸೇಜ್ ಮಾಡುವುದು (ಹೊಸ ಪ್ಲೇಟ್‌ಗೆ ಸಾಗಿಸುವುದು) ಇಂಥ ಕೋಶಗಳಿಗೆ ಅನುಕೂಲ ಮಾಡಿಕೊಟ್ಟಂತೆ. ದಿನನಿತ್ಯದ ಸಾಕಣೆಗೆ 0.5 ಮಿಲಿಮೋಲಾರ್ ಇಡಿಟಿಎ ಹಾಕಿ ಗೊಂಚಲಾಗಿ ಎಬ್ಬಿಸಿ, ಡಿಫರೆನ್ಸಿಯೇಷನ್‌ಗೆ ಬಿತ್ತುವಾಗ ಮಾತ್ರ ಅಕ್ಯುಟೇಸ್, ಆ ದಿನ ಬಿಡಿ ಕೋಶ ಸಾಯದಂತೆ ರಾಕ್ ಇನ್‌ಹಿಬಿಟರ್ ವೈ-27632 10 ಮೈಕ್ರೋಮೋಲಾರ್, ಮರುದಿನ ತೆಗೆಯಿರಿ.

ಮೈಕೋಪ್ಲಾಸ್ಮಾ (ಕೋಶಕೃಷಿಗೆ ಸೇರುವ ಅತಿಚಿಕ್ಕ ಬ್ಯಾಕ್ಟೀರಿಯಾ) ಪರೀಕ್ಷೆಯನ್ನೂ ಮಾಡಿ. ಇದು ಬಂದ ಲೈನ್ ನೋಡಲು ಆರೋಗ್ಯವಾಗಿಯೇ ಇರುತ್ತದೆ, ಡಿಫರೆನ್ಸಿಯೇಷನ್ ಮಾತ್ರ ಕಾರಣ ತಿಳಿಯದಂತೆ ಕುಸಿಯುತ್ತದೆ. ಪೆನ್‌ಸ್ಟ್ರೆಪ್ (ಪೆನಿಸಿಲಿನ್-ಸ್ಟ್ರೆಪ್ಟೊಮೈಸಿನ್) ಅದಕ್ಕೆ ನಾಟುವುದಿಲ್ಲ. ಮೈಕೋಪ್ಲಾಸ್ಮಾಕ್ಕೆ ಕೋಶಗೋಡೆಯೇ ಇಲ್ಲದ ಕಾರಣ ಪೆನಿಸಿಲಿನ್ ನಿಷ್ಪ್ರಯೋಜಕ.

ಹೊಸತಟ್ಟೆ

ಎರಡನೇ ಲೈನ್‌ಗೆ ಕ್ಯೂಪಿಸಿಆರ್ ಮಾಡಿಸುತ್ತೇವೆ. ಇನ್ನೊಂದು: ರೋಗಿಯ ಹೃದಯಕ್ಕೆ ಇಂಥ ಕೋಶ ಕೊಡುವ ಮಟ್ಟಕ್ಕೆ ವಿಷಯ ಬಂದಿದೆಯೇ? ವಿದ್ಯಾರ್ಥಿಗಳು ಕೇಳುತ್ತಾರೆ.

ಅಯಾನುಮಾರ್ಗ

ಪ್ರಯೋಗಾತ್ಮಕವಾಗಿ ಬಂದಿದೆ. ಜಪಾನಿನ ಒಸಾಕಾ ವಿಶ್ವವಿದ್ಯಾಲಯದಲ್ಲಿ 2020ರಲ್ಲಿ ಐಪಿಎಸ್ ಹೃದಯಕೋಶದ ಹಾಳೆಯನ್ನು ರೋಗಿಯ ಹೃದಯದ ಮೇಲೆ ಅಂಟಿಸಲಾಯಿತು. ಜರ್ಮನಿಯಲ್ಲಿ ಗ್ಯೋಟಿಂಗೆನ್‌ನ ತ್ಸಿಮ್ಮರ್‌ಮನ್ ಅವರ ಗುಂಪಿನ ಅಂಗಾಂಶ ತೇಪೆಯೂ ಮಾನವ ಪ್ರಯೋಗದಲ್ಲಿದೆ. ಮುಖ್ಯ ಅಡ್ಡಿ ಲಯ ತಪ್ಪುವಿಕೆ. 2014ರಲ್ಲಿ ಮಕಾಕ್ ಕೋತಿಗಳ ಹೃದಯಕ್ಕೆ 100 ಕೋಟಿಯಷ್ಟು ಕೋಶ ಚುಚ್ಚಿದಾಗ ಸ್ನಾಯು ಚೆನ್ನಾಗಿ ನಾಟಿತು, ಆದರೆ ಹೃತ್ಕುಕ್ಷಿಯ ಅರಿತ್ಮಿಯಾ ಕಾಣಿಸಿತು. ಅಪಕ್ವ ಕೋಶ ತಾನಾಗಿ ಮಿಡಿಯುತ್ತದೆ ಎಂದೆನಲ್ಲ, ಹೃದಯದೊಳಗೆ ಅದೇ ಗುಣ ಇನ್ನೊಂದು ಪೇಸ್‌ಮೇಕರ್ ಆಗುತ್ತದೆ. ಎರಡನೆಯದು, ಒಂದಿಷ್ಟು ಐಪಿಎಸ್ ಕೋಶ ಉಳಿದರೂ ಟೆರಟೋಮಾ ಗಡ್ಡೆಯ ಅಪಾಯ. ಔಷಧಗಳ ಹೃದಯವಿಷತ್ವ ಪರೀಕ್ಷೆಯಲ್ಲಿ ಮಾತ್ರ ಈ ಕೋಶಗಳು ಈಗಾಗಲೇ ದಿನನಿತ್ಯದ ಬಳಕೆಯಲ್ಲಿವೆ.

ಹೊಸತಟ್ಟೆ

ಕೊನೆಯದಾಗಿ, ಬಂದ ಕೋಶಗಳನ್ನು ಮರುಬಿತ್ತಿ, ಹೆಪ್ಪುಗಟ್ಟಿಸಿಡುವುದು ಯಾವಾಗ?

ಕೋಶಕೃಷಿಕ

12ರಿಂದ 16ನೇ ದಿನದೊಳಗೆ. 25 ದಾಟಿದರೆ ಕೋಶ ಬಿಡಿಸುವಾಗಲೇ ಬಹಳ ಸಾಯುತ್ತವೆ. ನಡುವೆ ನಾರುಜಾಲ ದಪ್ಪವಾಗಿ ಎಂಜೈಮ್ ಹೆಚ್ಚು ಹೊತ್ತು ಬೇಕಾಗುತ್ತದೆ.

ಟ್ರಿಪ್‌ಎಲ್‌ಇ ಹಾಕಿ 5 ನಿಮಿಷಕ್ಕೊಮ್ಮೆ ನೋಡಿ, ಕೋಶಗಳು ಗುಂಡಗಾದೊಡನೆ 1 ಮಿ.ಲೀ. ತುದಿಯಿಂದ ನಿಧಾನವಾಗಿ ಬಿಡಿಸಿ, ಗುಳ್ಳೆ ಬೇಡ. ಶೇ. 20 ಸೀರಂ ಇರುವ ಮೀಡಿಯಾಕ್ಕೆ ಹಾಕಿ 200 ಜಿ ವೇಗದಲ್ಲಿ 5 ನಿಮಿಷ ಸೆಂಟ್ರಿಫ್ಯೂಜ್. ಮರುಬಿತ್ತನೆಗೆ ಚದರ ಸೆಂ.ಮೀ.ಗೆ 1–2.5 ಲಕ್ಷ, ವೈ-27632 ಸಮೇತ. ಇಲ್ಲಿ ಜಿಪುಣತನ ಮಾಡಿದರೆ ಕೋಶಗಳು ಒಂದನ್ನೊಂದು ಮುಟ್ಟದೆ ಚಪ್ಪಟೆಯಾಗಿ, ಪ್ರತಿಯೊಂದೂ ತನ್ನದೇ ಲಯದಲ್ಲಿ ಮಿಡಿಯುತ್ತಾ ಉಳಿಯುತ್ತವೆ. ಅಂಟಲು ಪೂರ್ತಿ ಒಂದು ದಿನ ಬಿಡಿ, 24 ಗಂಟೆಯವರೆಗೆ ಪ್ಲೇಟ್ ಅಲುಗಿಸಬೇಡಿ. ಮಿಡಿತ ಮರಳಲು ಎರಡರಿಂದ ನಾಲ್ಕು ದಿನ ಬೇಕು.

ಹೆಪ್ಪುಗಟ್ಟಿಸಲು ಶೇ. 90 ಸೀರಂ ಮತ್ತು ಶೇ. 10 ಡಿಎಂಎಸ್‌ಒ, ಅಥವಾ ಸೀರಂ ಬೇಡವಾದರೆ ಸಿದ್ಧ ದ್ರಾವಣ ಕ್ರಯೋಸ್ಟೋರ್ ಸಿಎಸ್10. ವೈಲ್‌ಗೆ 50 ಲಕ್ಷ ಅಥವಾ 1 ಕೋಟಿ ಕೋಶ, ನಿಮಿಷಕ್ಕೆ 1 ಡಿಗ್ರಿಯಂತೆ ಇಳಿಸುವ ಡಬ್ಬಿ, ಮರುದಿನ ದ್ರವ ಸಾರಜನಕಕ್ಕೆ. ಕರಗಿಸುವಾಗ ಬೆಚ್ಚಗಿನ ಮೀಡಿಯಾವನ್ನು ಮೊದಲ 1 ಮಿ.ಲೀ. ಹನಿಹನಿಯಾಗಿಯೇ ಹಾಕಿ, ಒಮ್ಮೆಲೇ ಸುರಿದರೆ ಡಿಎಂಎಸ್‌ಒ ತುಂಬಿದ ಕೋಶ ನೀರು ಎಳೆದುಕೊಂಡು ಒಡೆಯುತ್ತದೆ. ಎಣಿಸುವಾಗ ಜೀವಂತ ಎಂದು ಬಂದ ಸಂಖ್ಯೆಯೆಲ್ಲ ಅಂಟುವುದಿಲ್ಲ, ಆದ್ದರಿಂದ ಕರಗಿಸಿದ ಕೋಶವನ್ನು ತಾಜಾ ಕೋಶಕ್ಕಿಂತ ದಟ್ಟವಾಗಿ ಬಿತ್ತಿ. ಪ್ರತಿ ಬ್ಯಾಚ್‌ನಿಂದ ಒಂದು ವೈಲ್ ಅನ್ನು ಮುಂದಿನ ವಾರವೇ ಕರಗಿಸಿ ಪರೀಕ್ಷಿಸಿ, ಆಮೇಲೆ ಉಳಿದ ವೈಲ್‌ಗಳ ಮೇಲೆ ಟ್ರೋಪೋನಿನ್ ಶೇಕಡಾ, ಚಿರ್ ಪ್ರಮಾಣ, ಬಿ27 ಲಾಟ್ ಸಂಖ್ಯೆ ಬರೆದಿಡಿ.